ದೊಡ್ಡಮಾವನ ಕೋಟಿನ ಅಳತೆ

ಗಾಬರಿರಾಯರಿಗೆ ಆ ಹೆಸರಿಟ್ಟವರು ಅವರ ಹೆಂಡತಿಯ ತವರಿನವರು. ಮದುವೆಯ ದಿನ ಫೋಟೋ ತೆಗೆಯುವವನು "ಸ್ವಲ್ಪ ನಗಿ ಸಾರ್" ಅಂದಾಗ "ಯಾಕೆ, ಏನಾಯ್ತು?" ಎಂದು ಬೆಚ್ಚಿ ಹಿಂದೆ ತಿರುಗಿ ನೋಡಿದ ಮದುಮಗ ಲೋಕದಲ್ಲಿ ಅವರೊಬ್ಬರೇ ಇರಬೇಕು. ಆ ಫೋಟೋದಲ್ಲಿ ಅವರ ಮುಖವಿಲ್ಲ, ಬೆನ್ನಿದೆ. ಅಂದಿನಿಂದ ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಇಂಥವರಿಗೆ ಸಿಕ್ಕ ಕೆಲಸವಾದರೂ ಎಂಥದ್ದು! ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಕಿಟಕಿಯ ಹಿಂದೆ ಕೂತು, ಹೆಸರು ಕೂಗಿ, ಲಕೋಟೆ ಕೊಡುವುದು. ಲಕೋಟೆಯೊಳಗಿನ ಫಿಲ್ಮು ಏನು ಹೇಳುತ್ತದೆ ಎಂಬುದು ಅವರಿಗೆ ಕಿಂಚಿತ್ತೂ ತಿಳಿಯುತ್ತಿರಲಿಲ್ಲ. ಎದೆ ಯಾವುದು, ಮೊಣಕಾಲು ಯಾವುದು ಎಂದು ಗುರುತು ಹಿಡಿಯುತ್ತಿದ್ದರು, ಅದೂ ಮೇಲೆ ಬರೆದಿದ್ದರೆ. ಆದರೆ ಬಂಧುಬಳಗದ ಲೆಕ್ಕದಲ್ಲಿ ಅವರು ಮುಕ್ಕಾಲು ಡಾಕ್ಟರು.

ಈ ಗಾಬರಿರಾಯರು ಗುಟ್ಟಾಗಿ ಲೇಖಕರೂ ಆಗಿದ್ದರು. ಕಾವ್ಯನಾಮ 'ಭೀಕರ'. ಬಾಗಿಲಿನ ಕರೆಗಂಟೆ ಎರಡು ಸಲ ಬಾರಿಸಿದರೆ ಬೆವರುವ ಮನುಷ್ಯ, ಕಾಗದದ ಮೇಲೆ ಮಾತ್ರ ಕಣ್ಣು ಮಿಟುಕಿಸದೆ ಸೇತುವೆಗಳನ್ನು ಉಡಾಯಿಸುತ್ತಿದ್ದರು. ಒಂದು ವರ್ಷದಿಂದ, ಊಟದ ವಿರಾಮದಲ್ಲಿ, ಖಾಲಿ ಲಕೋಟೆಗಳ ರಾಶಿಯ ಮರೆಯಲ್ಲಿ ಕೂತು ಹಿಂದಿನ ಯುದ್ಧಕಾಲದ ಗೂಢಚಾರನ ಕಥೆಯೊಂದನ್ನು ಬರೆದಿದ್ದರು. ಅದರ ನಾಯಕ ಶತ್ರುಗಳ ನಕ್ಷೆಯನ್ನು ಕೋಟಿನ ಅಸ್ತರಿನಲ್ಲಿ ಹೊಲಿದುಕೊಂಡು, ರೈಲ್ವೆ ಗಾರ್ಡಿನ ವೇಷದಲ್ಲಿ ಗಡಿ ದಾಟುತ್ತಾನೆ. ಈ ವಿಷಯ ಹೆಂಡತಿಗೂ ಗೊತ್ತಿರಲಿಲ್ಲ. ಅಚ್ಚಾಗುವ ಮೊದಲೇ ಹೇಳಿ, ಅಚ್ಚಾಗದೇ ಹೋದರೆ? ಅಚ್ಚಾದ ಮೇಲೆ ಹೇಳಿ, ಅವಳು ನಕ್ಕುಬಿಟ್ಟರೆ? ಯಾವ ಕಡೆಯಿಂದ ನೋಡಿದರೂ ಹೇಳದಿರುವುದೇ ಕ್ಷೇಮ ಎಂದು ಸುಮ್ಮನಿದ್ದರು.

ಕಥೆಯನ್ನು ಒಂದು ವಾರಪತ್ರಿಕೆಗೆ ಕಳಿಸಿದ್ದರು. ಒಂದು ಶನಿವಾರ ಸಂಪಾದಕರೇ ಫೋನ್ ಮಾಡಿದರು.

"ಭೀಕರ ಅವರಾ? ಕಥೆ ಚೆನ್ನಾಗಿದೆ. ಆದ್ರೆ ನಿಮ್ಮ ಗೂಢಚಾರ ಸ್ಟೇಷನ್ನಲ್ಲಿ ನಿಂತು ಕೋಟಿನ ಜಿಪ್ ಎಳೀತಾನಲ್ಲ?"

"ಹೌದು ಸಾರ್. ಸರ್ರಂತ ಎಳೀತಾನೆ," ಎಂದರು ರಾಯರು ಹೆಮ್ಮೆಯಿಂದ.

"ಆ ಕಾಲದ ಗಾರ್ಡ್ ಕೋಟಿಗೆ ಜಿಪ್ ಎಲ್ಲಿತ್ತು ಸ್ವಾಮಿ?"

ರಾಯರಿಗೆ ನಡುಬೀದಿಯಲ್ಲಿ ತಮ್ಮ ಪ್ಯಾಂಟಿನ ಜಿಪ್ಪೇ ಬಿಚ್ಚಿಹೋದಂತಾಯಿತು.

"ನಮ್ಮ ಓದುಗರು ಬಿಡೋ ಪೈಕಿ ಅಲ್ಲ," ಎಂದರು ಸಂಪಾದಕರು. "ಹಿಂದೊಬ್ಬರು ಮಹಾರಾಜನ ಕೈಗೆ ವಾಚು ಕಟ್ಟಿಬಿಟ್ಟಿದ್ರು. ಇವತ್ತಿಗೂ ಬೈತಾ ಇದ್ದಾರೆ. ಕಾಲರ್ ಹೇಗಿತ್ತು, ಗುಂಡಿ ಹೇಗಿತ್ತು, ಸೀಟಿ ಎಲ್ಲಿ ನೇತಾಡ್ತಿತ್ತು, ಎಲ್ಲಾ ವಿಚಾರಿಸಿ ಬರೀರಿ. ಶುಕ್ರವಾರದೊಳಗೆ ಕೊಟ್ರೆ ಮುಂದಿನ ಸಂಚಿಕೇಲಿ ಹಾಕ್ತೀನಿ. ನಿಮ್ಮದೊಂದು ಫೋಟೋನೂ ಇರಲಿ."

ರಾಯರು ಅಂದೇ ಗ್ರಂಥಾಲಯಕ್ಕೆ ಓಡಿದರು. ಅಲ್ಲಿದ್ದ ಪುಸ್ತಕಗಳಲ್ಲಿ ಸೇನಾಪತಿಗಳ ಉಡುಪಿತ್ತು, ರಾಣಿಯರ ಉಡುಪಿತ್ತು, ಸೇನಾಪತಿಯ ಕುದುರೆಯ ಉಡುಪು ಕೂಡ ಇತ್ತು. ಗಾರ್ಡಿನ ಕೋಟು ಮಾತ್ರ ಇರಲಿಲ್ಲ. ಸಂಜೆ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬರುವಾಗ ಥಟ್ಟನೆ ನೆನಪಾದವರು ದೊಡ್ಡಮಾವ.

ದೊಡ್ಡಮಾವನೆಂದರೆ ಹೆಂಡತಿಯ ದೊಡ್ಡಪ್ಪ. ಎಂಬತ್ತು ದಾಟಿದ ಜೀವ. ಯುದ್ಧದ ಕಾಲಕ್ಕೆ ರೈಲ್ವೆ ಗಾರ್ಡ್ ಆಗಿದ್ದವರು. ಅವರ ಮನೆಯ ಹಜಾರದಲ್ಲಿ, ಕೋಟು ತೊಟ್ಟು ನಿಂತ ಅವರ ಮದುವೆಯ ಫೋಟೋ ಬಂದವರನ್ನೆಲ್ಲ ಗದರಿಸುವಂತೆ ನೋಡುತ್ತಿತ್ತು. ಆ ಕೋಟು ಇನ್ನೂ ಅವರ ಟ್ರಂಕಿನಲ್ಲಿ ಭದ್ರವಾಗಿದೆ ಎಂಬುದು ಮನೆತನಕ್ಕೇ ಗೊತ್ತಿದ್ದ ಹೆಮ್ಮೆಯ ವಿಷಯ. ಅವರು ಹಿಂದಿನ ವಾರವಷ್ಟೇ ಕೆಮ್ಮೆಂದು ಬಂದು ಎದೆಯ ಎಕ್ಸ್‌ರೇ ತೆಗೆಸಿಕೊಂಡು ಹೋಗಿದ್ದರು. ಡಾಕ್ಟರು ಫಿಲ್ಮು ನೋಡಿ "ಏನಿಲ್ಲ, ಬಿಸಿನೀರು ಕುಡೀರಿ" ಎಂದು ಕಳಿಸಿದ್ದರು. ಅವರ ಕೈಗೆ ಲಕೋಟೆ ಕೊಟ್ಟವರು ಸ್ವತಃ ರಾಯರೇ. ಆದರೆ ಆ ಸಂಗತಿ ಈಗ ರಾಯರ ತಲೆಯಲ್ಲಿ ಇರಲೇ ಇಲ್ಲ. ತಲೆಯಲ್ಲಿ ಕೋಟು ಬಿಟ್ಟು ಬೇರೇನಕ್ಕೂ ಜಾಗವಿರಲಿಲ್ಲ.

ಭಾನುವಾರ ಬೆಳಿಗ್ಗೆ ರಾಯರು ದೊಡ್ಡಮಾವನ ಮನೆಯ ಬಾಗಿಲು ತಟ್ಟಿದರು. ಕರೆಯದೆ ಆ ಮನೆಗೆ ಬಂದದ್ದು ಅವರ ದಾಂಪತ್ಯದಲ್ಲೇ ಮೊದಲ ಸಲ. ಬಾಗಿಲು ತೆಗೆದ ಆ ಮನೆಯ ಸೊಸೆ, "ಏನಣ್ಣ, ಇದ್ದಕ್ಕಿದ್ದ ಹಾಗೆ?" ಎಂದಳು. "ಸುಮ್ನೆ, ಮಾವನ್ನ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ," ಎಂದರು ರಾಯರು. ಅವಳ ಮುಖ ಸ್ವಲ್ಪ ಬಣ್ಣಗೆಟ್ಟಿತು.

"ಕೆಮ್ಮು ಹೇಗಿದೆ ಮಾವ?" ಎಂದು ರಾಯರು ಮರ್ಯಾದೆಗೆ ಕೇಳಿದರು.

"ಇದೆ ಒಂದಿಷ್ಟು. ಯಾಕೆ ಅಳಿಯಂದಿರೇ?"

"ಏನಿಲ್ಲ, ಏನಿಲ್ಲ."

ಒಂದು ಸಲ ಹೇಳಿದ್ದರೆ ಸಾಕಿತ್ತು. ಎರಡನೆಯ 'ಏನಿಲ್ಲ' ದೊಡ್ಡಮಾವನ ಎದೆಯಲ್ಲಿ ನಾಟಿತು.

"ಮಾವ, ನಿಮ್ಮ ಗಾರ್ಡ್ ಕೋಟು ಇದೆಯಲ್ಲ, ಅದನ್ನೊಂದ್ಸಲ ಹಾಕ್ಕೋತೀರಾ? ಕಣ್ತುಂಬ ನೋಡ್ಬೇಕು."

ಟ್ರಂಕು ತೆರೆಯಿತು. ನುಸಿಗುಳಿಗೆಯ ವಾಸನೆಯೊಡನೆ ಕೋಟು ಹೊರಬಂತು. ಕಡುನೀಲಿ ಬಟ್ಟೆ, ಹೆಗಲ ಮೇಲೆ ಹಳದಿ ಹುರಿಯ ಹೆಣಿಗೆ, ಹೊಳೆಯುವ ಹಿತ್ತಾಳೆಯ ಗುಂಡಿಗಳು, ಪ್ರತಿ ಗುಂಡಿಯ ಮೇಲೂ ಪುಟ್ಟದೊಂದು ತುತ್ತೂರಿಯ ಗುರುತು. ಆ ತುತ್ತೂರಿಯನ್ನು ಕಂಡು ರಾಯರಿಗೆ ರೋಮಾಂಚನವಾಯಿತು. ಇಂಥ ವಿವರವನ್ನು ಯಾವ ಓದುಗ ತಾನೇ ಅಲ್ಲಗಳೆದಾನು! ಎದುರಿನಿಂದ ಫೋಟೋ ತೆಗೆದರು, ಬದಿಯಿಂದ ತೆಗೆದರು, ಬೆನ್ನ ಕಡೆಯಿಂದಲೂ ತೆಗೆದರು. ಆಮೇಲೆ ಜೇಬಿನಿಂದ ಅಳತೆಯ ಟೇಪು ತೆಗೆದು ದೊಡ್ಡಮಾವನ ಹೆಗಲಿಗೆ ಹಿಡಿದರು.

"ಸ್ವಲ್ಪ ನೆಟ್ಟಗೆ ನಿಲ್ಲಿ ಮಾವ. ಉದ್ದ ತಗೋಬೇಕು. ಕಷ್ಟ ಆದ್ರೆ ಮಲಗಿ, ಪರವಾಗಿಲ್ಲ."

ದೊಡ್ಡಮಾವ ಗೋಡೆ ಹಿಡಿದುಕೊಂಡರು. "ಇದೆಲ್ಲ ಯಾಕಪ್ಪಾ?"

ಇಲ್ಲಿ ನಿಜ ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ 'ಭೀಕರ' ಹೆದರಿದ.

"ನೆನಪಿಗಿರಲಿ ಅಂತ, ಮಾವ."

"ಇಷ್ಟು ವರ್ಷ ಇಲ್ಲದ್ದು, ಈಗ?"

"ಈಗಲೇ ಕೇಳಿ ತಿಳ್ಕೊಂಡ್ರೆ ಒಳ್ಳೇದಲ್ವಾ? ಆಮೇಲೆ ಯಾರನ್ನ ಕೇಳೋದು? ಕೋಟು ಶುಕ್ರವಾರದವರೆಗೆ ನನ್ನ ಹತ್ರ ಇರಲಿ ಮಾವ. ಶುಕ್ರವಾರದ ಮೇಲೆ ಯಾರಿಗೂ ಬೇಕಾಗಲ್ಲ."

ಟೀ ತಂದು ಬಾಗಿಲಲ್ಲಿ ನಿಂತಿದ್ದ ಸೊಸೆ, ಟೀ ಕೊಡದೆ ಹಾಗೇ ಅಡುಗೆಮನೆಗೆ ಹಿಂದಿರುಗಿದಳು. ದೊಡ್ಡಮಾವ ಕೋಟು ಕಳಚಿ ಅಳಿಯನ ಕೈಗಿತ್ತು, ನಿಧಾನವಾಗಿ ಹೋಗಿ ಹಾಸಿಗೆಯ ಮೇಲೆ ಕೂತರು. "ಪಾಪ, ಹಳೆಯದೆಲ್ಲ ನೆನಪಾಯ್ತೇನೋ," ಎಂದುಕೊಂಡು ರಾಯರು ಖುಷಿಯಿಂದ ಮನೆಗೆ ಬಂದು, ಕೋಟನ್ನು ಬೀರುವಿನ ಹಿಂದೆ ಬಚ್ಚಿಟ್ಟರು.

ಅದೇ ಸಂಜೆ ಸೊಸೆ ರಾಯರ ಹೆಂಡತಿಗೆ ಫೋನ್ ಮಾಡಿದಳು. ರಾಯರು ಪಕ್ಕದ ಕೋಣೆಯಲ್ಲಿ ಜಿಪ್ಪು ತೆಗೆದು ಗುಂಡಿ ಹಾಕುತ್ತಿದ್ದರು, ಕಥೆಯಲ್ಲಿ. ಹೆಂಡತಿ ಬಂದು ಎದುರು ನಿಂತಳು. ಕಣ್ಣು ಕೆಂಪಾಗಿತ್ತು.

"ನನ್ನ ಹತ್ರಾನೂ ಮುಚ್ಚಿಟ್ರಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ರಾಯರದು. ಹಾಳೆಗಳ ಮೇಲೆ ಮೊಣಕೈ ಊರಿ, "ನಿನಗ್ಯಾರು ಹೇಳಿದ್ರು?" ಎಂದರು.

"ಹಾಗಾದ್ರೆ ನಿಜಾನೇ! ನಿಮಗೆ ಎಷ್ಟು ದಿನದಿಂದ ಗೊತ್ತು?"

"ಒಂದು ವರ್ಷ ಆಯ್ತು."

"ಒಂದು ವರ್ಷ! ಒಂದು ವರ್ಷದಿಂದ ಹೊಟ್ಟೇಲಿ ಇಟ್ಕೊಂಡು ನನ್ನ ಜೊತೆ ಕೂತು ಊಟ ಮಾಡಿದ್ರಾ?"

"ಹೇಳೋಕೆ ಧೈರ್ಯ ಬರಲಿಲ್ಲ ಕಣೇ. ಇನ್ನೇನು ಶುಕ್ರವಾರಕ್ಕೆ ಮುಗಿದುಹೋಗುತ್ತೆ. ಅಲ್ಲೀತನಕ ಯಾರಿಗೂ ಹೇಳ್ಬೇಡ. ಆಮೇಲೆ ಪತ್ರಿಕೇಲಿ ಬರುತ್ತೆ, ಎಲ್ಲರಿಗೂ ತಾನಾಗೇ ಗೊತ್ತಾಗುತ್ತೆ."

"ಪತ್ರಿಕೇಲಿ?"

"ಫೋಟೋ ಸಮೇತ," ಎಂದರು ರಾಯರು, ಸ್ವಲ್ಪ ನಾಚಿ.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಲೇಖಕನ ಹೆಂಡತಿಯಾದ ಸಂತೋಷಕ್ಕೆ ಇಷ್ಟು ಅಳುವುದು ಸಹಜವೇ ಎಂದು ರಾಯರಿಗೆ ಸಣ್ಣ ಸಂಶಯ ಬಂತು. ಆದರೆ ಕೇಳಲು ಭಯವಾಯಿತು.

ಯಾರಿಗೂ ಹೇಳಬೇಡ ಎಂದದ್ದರಿಂದ ಸುದ್ದಿ ಸೋಮವಾರ ಮಧ್ಯಾಹ್ನದೊಳಗೆ ಎಲ್ಲರಿಗೂ ತಲುಪಿತು. ಎಕ್ಸ್‌ರೇ ಕಿಟಕಿಯ ಮುಂದೆ ರೋಗಿಗಳಿಗಿಂತ ನೆಂಟರೇ ಜಾಸ್ತಿಯಾದರು. ದೊಡ್ಡಮಾವನ ಮಗ ಅಂಗಡಿ ಮುಚ್ಚಿ ಬಂದಿದ್ದ. ಅವರ ಎದುರುಮನೆಯ ನಿವೃತ್ತ ಮೇಷ್ಟ್ರು ಛತ್ರಿ ಹಿಡಿದು ಬಂದಿದ್ದರು.

"ಭಾವ, ನಾನು ಗಂಡಸು, ತಡ್ಕೋತೀನಿ. ಫಿಲ್ಮಲ್ಲಿ ಏನಿದೆ ಹೇಳಿ," ಎಂದ ಮಗ, ಕಿಟಕಿಯ ಸರಳು ಹಿಡಿದು.

"ಫಿಲ್ಮಲ್ಲಾ? ಏನೂ ಇಲ್ಲಪ್ಪ!"

ಮಗ ಮೇಷ್ಟ್ರ ಕಡೆ ತಿರುಗಿದ. ಮೇಷ್ಟ್ರು ತಲೆ ಆಡಿಸಿದರು. "ಆಸ್ಪತ್ರೆಯವರು ಹಾಗೇ ಹೇಳೋದು. ನಮ್ಮ ಅಣ್ಣನಿಗೂ ಏನೂ ಇಲ್ಲ ಅಂದಿದ್ರು. ಆಮೇಲೆ ಏನೂ ಉಳೀಲಿಲ್ಲ."

ಈ ಗದ್ದಲಕ್ಕೆ ಒಳಗಿನ ಬಾಗಿಲು ತೆರೆದು ಎಕ್ಸ್‌ರೇ ವಿಭಾಗದ ದೊಡ್ಡ ಡಾಕ್ಟರಮ್ಮ ಹೊರಗೆ ಬಂದರು. ಮಗನ ಮಾತನ್ನು ಕೇಳಿದರು, ಮೇಷ್ಟ್ರ ಮಾತನ್ನೂ ಕೇಳಿದರು. ಆಮೇಲೆ ರಾಯರನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ನೀವು ಯಾವಾಗಿಂದ ಡಾಕ್ಟರ್ ಆದ್ರಿ?"

"ಮೇಡಂ?"

"ನಿಮ್ಮ ಮಾವನ ಮನೆಗೆ ಹೋಗಿ ಶುಕ್ರವಾರ ಹೋಗ್ತಾರೆ ಅಂತ ಹೇಳಿ ಬಂದಿದ್ದೀರಂತೆ. ಟೇಪು ಹಿಡಿದು ಉದ್ದ ಬೇರೆ ಅಳೆದಿರಂತೆ. ಯಾತಕ್ಕೆ, ಪೆಟ್ಟಿಗೆಗಾ?"

ಆಗ ಗಾಬರಿರಾಯರ ಕಣ್ಣಿಗೆ ಭಾನುವಾರದ ಬೆಳಿಗ್ಗೆಯೆಲ್ಲ ಫಿಲ್ಮಿನ ಹಾಗೆ ಬೆಳಕಿಗೆ ಹಿಡಿದಂತೆ ಕಂಡಿತು. ಕೆಮ್ಮು ಕೇಳಿದ್ದು, ಕಣ್ತುಂಬ ನೋಡಿದ್ದು, ನೆನಪಿಗಿರಲಿ ಅಂದದ್ದು, ಮಲಗಿ ಅಂದದ್ದು. ಹೆಂಡತಿ ಅತ್ತದ್ದು ಯಾಕೆಂದೂ ಹೊಳೆಯಿತು. ಕೂರಲು ಕುರ್ಚಿ ಹುಡುಕಿದರು, ಸಿಗದೆ ತೂಕದ ಯಂತ್ರದ ಮೇಲೆ ಕೂತರು.

"ಮೇಡಂ, ಅವರಿಗೇನೂ ಆಗಿಲ್ಲ ತಾನೇ?"

"ಫಿಲ್ಮು ನಾನೇ ನೋಡಿದ್ದೀನಿ. ನನ್ನ ಶ್ವಾಸಕೋಶಕ್ಕಿಂತ ಅವರದ್ದೇ ಚೆನ್ನಾಗಿದೆ. ಹೋಗಿ ಹೇಳಿ. ಈ ಮನೆತನದ ಜಾತ್ರೆ ನಾಳೆ ಮತ್ತೆ ನನ್ನ ಕಿಟಕಿ ಮುಂದೆ ಕಂಡ್ರೆ ನಿಮಗೆ ಇಲ್ಲಿ ಕೆಲಸ ಇಲ್ಲ ಅಂತ ತಿಳ್ಕೊಳ್ಳಿ."

ರಾಯರು ಅರ್ಧ ದಿನ ರಜೆ ಹಾಕಿ ಓಡಿದರು. ದಾರಿಯುದ್ದಕ್ಕೂ ಅವರ ಮನಸ್ಸಿನಲ್ಲಿ ಒಂದೇ ಯೋಚನೆ. ಭಯದಿಂದಲೇ ಪ್ರಾಣ ಹೋಗುವುದುಂಟು ಎಂದು ಅವರು ಎಲ್ಲೋ ಓದಿದ್ದರು, ಮತ್ತು ಆ ವಿಷಯದಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ದೊಡ್ಡಮಾವ ನಿಜವಾಗಿಯೂ ಹೋಗಿಬಿಟ್ಟರೆ? ಕೊಂದವನು ಯಾರು? ಒಂದು ಜಿಪ್ಪಿಗಾಗಿ ಒಂದು ಜೀವ!

ಮನೆಯ ಮುಂದೆ ಚಪ್ಪಲಿಗಳ ರಾಶಿ ಕಂಡು, ತಮ್ಮದನ್ನೂ ಅಲ್ಲೇ ಎಸೆದು ಒಳಗೆ ನುಗ್ಗಿದರು. ಒಳಗೆ ದೊಡ್ಡಮಾವ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಮಲಗಿದ್ದರು. ಹಿಂದಿನ ದಿನದಿಂದ ಒಂದು ತುತ್ತೂ ಮುಟ್ಟಿರಲಿಲ್ಲವಂತೆ. ಧ್ವನಿ ಬಾವಿಯೊಳಗಿನಿಂದ ಬಂದ ಹಾಗಿತ್ತು. ಕಾಲ ಬಳಿಯ ಸ್ಟೂಲಿನ ಮೇಲೆ ಅವರ ತಂಗಿ ಕೂತಿದ್ದರು. ಅಣ್ಣತಂಗಿಯರ ನಡುವೆ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು. ಯಾಕೆಂದು ಕೇಳಿದರೆ ಇಬ್ಬರೂ ಹೇಳುತ್ತಿರಲಿಲ್ಲ. ಈಗಲೂ ಅವರು ಮಾತಾಡುತ್ತಿರಲಿಲ್ಲ, ಆದರೆ ತಂಗಿ ಅಣ್ಣನ ಕಾಲು ಒತ್ತುತ್ತಿದ್ದರು. ಪಕ್ಕದಲ್ಲಿ ರಾಯರ ಹೆಂಡತಿ.

"ಮಾವ, ನಿಮಗೆ ಏನೂ ಆಗಿಲ್ಲ! ಡಾಕ್ಟರಮ್ಮನೇ ಹೇಳಿದ್ರು. ಫಿಲ್ಮು ಕನ್ನಡಿ ಇದ್ದ ಹಾಗಿದೆ!"

ದೊಡ್ಡಮಾವ ಕಣ್ಣು ತೆರೆದು ಕ್ಷೀಣವಾಗಿ ನಕ್ಕರು. "ಎಂಥಾ ಒಳ್ಳೇ ಮನಸ್ಸು ನಿಮ್ಮದು. ಸಾಯೋನಿಗೆ ಸಂಕಟ ಆಗ್ಬಾರದು ಅಂತ."

"ಅಯ್ಯೋ, ಅಲ್ಲ ಮಾವ! ನಾನು ಕೋಟು ಕೇಳಿದ್ದು ಕಥೆಗೆ! ನಾನು ಕಥೆ ಬರೀತೀನಿ, ಗೂಢಚಾರನ ಕಥೆ!"

ಮಗ ರಾಯರ ಹೆಗಲ ಮೇಲೆ ಕೈಯಿಟ್ಟು, "ಭಾವ, ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳಿ. ನೀವು ಗೂಢಚಾರನ ಕಥೆ ಬರೆಯೋದಾ? ಪಟಾಕಿ ಹೊಡೆದ್ರೆ ಮಂಚದ ಕೆಳಗೆ ಹೋಗೋರು," ಎಂದ.

ಹೆಂಡತಿ ಮಾತ್ರ ರಾಯರನ್ನೇ ದಿಟ್ಟಿಸಿ ನೋಡುತ್ತಿದ್ದಳು. "ಒಂದು ವರ್ಷದಿಂದ ಮುಚ್ಚಿಟ್ಟಿದ್ದು... ಇದಾ?" ಎಂದಳು.

ರಾಯರಿಗೆ ಬೇರೆ ದಾರಿ ಉಳಿಯಲಿಲ್ಲ. ಆಸ್ಪತ್ರೆಯಿಂದ ತಂದಿದ್ದ ಚೀಲದಿಂದ ಕಥೆಯ ಹಾಳೆಗಳನ್ನು ತೆಗೆದರು. ಇಷ್ಟು ಜನರ ಮುಂದೆ ಬಾಯಿ ಬಿಟ್ಟು ಓದುವುದಕ್ಕಿಂತ ಗಡಿಯಲ್ಲಿ ಸಿಕ್ಕಿಬಿದ್ದು ಗುಂಡೇಟು ತಿನ್ನುವುದೇ ವಾಸಿ ಅನ್ನಿಸಿತು. ಆದರೆ ಹೊದಿಕೆಯ ಮೇಲಿದ್ದ ದೊಡ್ಡಮಾವನ ಒಣಗಿದ ಕೈ ಕಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮೊದಲ ಪುಟದಲ್ಲಿ ಧ್ವನಿ ನಡುಗಿತು. ಎರಡನೆಯದರಲ್ಲಿ ಸೇತುವೆ ಸಿಡಿಯಿತು. ಮೇಷ್ಟ್ರು "ಭಲೇ" ಅಂದರು. ಮಗ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಗೂಢಚಾರ ಕತ್ತಲೆಯ ಸ್ಟೇಷನ್ನಿಗೆ ಬರುತ್ತಿದ್ದಂತೆ, ಹೊಸದಾಗಿ ತಿದ್ದಿದ ಭಾಗ ಶುರುವಾಯಿತು.

"'ಅವನು ಗಾರ್ಡಿನ ಕೋಟನ್ನು ತೊಟ್ಟ. ಹೆಗಲ ಮೇಲೆ ಹಳದಿ ಹುರಿಯ ಹೆಣಿಗೆ. ಎದೆಯುದ್ದಕ್ಕೂ ಮಿರಮಿರ ಮಿಂಚುವ ಹಿತ್ತಾಳೆಯ ಗುಂಡಿಗಳು. ಪ್ರತಿ ಗುಂಡಿಯ ಮೇಲೂ ರೈಲ್ವೆಯ ಲಾಂಛನವಾದ ತುತ್ತೂರಿ...'"

ಸ್ಟೂಲಿನ ಕಡೆಯಿಂದ ಕಿಸಕ್ಕೆಂದು ಸದ್ದಾಯಿತು. ದೊಡ್ಡಮಾವನ ತಂಗಿ ಬಾಯಿ ಮುಚ್ಚಿಕೊಂಡಿದ್ದರು, ಆದರೆ ಹೆಗಲು ಕುಲುಕುತ್ತಿತ್ತು. ತಡೆಯಲಾಗದೆ ಕೊನೆಗೆ ಗಹಗಹಿಸಿ ನಕ್ಕುಬಿಟ್ಟರು.

"ತುತ್ತೂರಿ! ರೈಲಿಗೆ ಯಾವ ತುತ್ತೂರಿ ಇತ್ತಪ್ಪಾ? ಅದು ಬ್ಯಾಂಡ್‌ಸೆಟ್ಟಿನೋರ ಕೋಟು ಕಣೋ! ಮದುವೆ ಫೋಟೋಗೆ ಅಂತ ಬಾಡಿಗೆಗೆ ತಂದಿದ್ದು, ಇವನು ವಾಪಸ್ಸೇ ಕೊಡಲಿಲ್ಲ!"

ಹೊದಿಕೆ ಹಾರಿ ನೆಲಕ್ಕೆ ಬಿತ್ತು. ದೊಡ್ಡಮಾವ ಮಂಚದ ಮೇಲೆ ಎದ್ದು ಕೂತಿದ್ದರು.

"ಯಾವ ಬಾಯಲ್ಲಿ ಹೇಳ್ತೀಯೇ ಅದನ್ನ! ಅವತ್ತು ಹತ್ತು ಜನರ ಮುಂದೆ ಇದೇ ಮಾತಾಡಿ ನನ್ನ ಮಾನ ಕಳೆದೆ. ಇವತ್ತು ನನ್ನ ಸಾವಿನ ಮಂಚದ ಪಕ್ಕ ಕೂತ್ಕೊಂಡು ಮತ್ತೆ ಅದೇ ಮಾತಾ?"

"ಇದ್ದದ್ದು ಇದ್ದ ಹಾಗೆ ಹೇಳಿದೆ. ತುತ್ತೂರಿ ಕೋಟು ಹಾಕ್ಕೊಂಡು ಗಾರ್ಡು ಅಂತ ನಿಂತೋನು ನೀನು!"

"ನಾನು ಗಾರ್ಡ್ ಆಗಿರಲಿಲ್ವೇನೇ?"

"ಗಾರ್ಡ್ ಆಗಿದ್ದೆ. ಕೋಟು ಬ್ಯಾಂಡ್‌ಸೆಟ್ಟಿಂದು!"

ದೊಡ್ಡಮಾವ ಮಂಚದಿಂದ ಧುಮುಕಿ, ಹಜಾರಕ್ಕೆ ಹೋಗಿ ಗೋಡೆಯ ಫೋಟೋ ಕಿತ್ತು ತಂದು ತಂಗಿಯ ಮೂಗಿಗೆ ಹಿಡಿದರು. ತಂಗಿ ಕನ್ನಡಕ ಹಾಕಿಕೊಂಡು ತುತ್ತೂರಿಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಕಿರುಚಾಟ ಕೇಳಿ ಬೀದಿಯ ಆಚೆಯ ಮನೆಯವರು ಕಿಟಕಿ ತೆರೆದರು. ಕೆಮ್ಮು ಎಲ್ಲಿ ಹೋಯಿತೋ! ಎಷ್ಟೋ ವರ್ಷಗಳ ಮಾತೆಲ್ಲ ಒಂದೇ ಉಸಿರಿಗೆ ಹೊರಬರುತ್ತಿತ್ತು. ಮೇಷ್ಟ್ರು ಛತ್ರಿ ಎತ್ತಿಕೊಂಡು, "ಇಂಥ ಶ್ವಾಸಕೋಶ ಇಟ್ಕೊಂಡು ಯಾರೂ ಶುಕ್ರವಾರ ಸಾಯಲ್ಲ," ಎಂದು ತೀರ್ಪು ಕೊಟ್ಟು ಮನೆಗೆ ಹೋದರು.

ಕಡೆಗೆ ಇಬ್ಬರಿಗೂ ಸುಸ್ತಾಗಿ ಒಂದೇ ಮಂಚದ ಮೇಲೆ ಕೂತರು. "ನಿಜವಾದ ಕೋಟು ರಿಟೈರ್ ಆದ ದಿನಾನೇ ಇಲಾಖೆಯೋರು ವಾಪಸ್ ತಗೊಂಡ್ರು," ಎಂದರು ದೊಡ್ಡಮಾವ, ನೆಲ ನೋಡುತ್ತ. "ಅಷ್ಟು ವರ್ಷ ದುಡಿದದ್ದಕ್ಕೆ ಮನೇಲಿ ಏನಾದ್ರೂ ಒಂದು ಗುರುತು ಬೇಡ್ವಾ? ಇದಿತ್ತು. ಇದನ್ನೇ ಗಾರ್ಡ್ ಕೋಟು ಅಂದೆ." ತಂಗಿ ಅಣ್ಣನ ಬೆನ್ನ ಮೇಲೆ ಕೈಯಾಡಿಸಿದರು.

ರಾಯರಿಗೆ ಒಂದು ಕಡೆ ಹೋದ ಜೀವ ಬಂದಿತ್ತು. ಇನ್ನೊಂದು ಕಡೆ ಕೋಟು ಹೋಗಿತ್ತು. ಸಮಯವಲ್ಲವೆಂದು ಗೊತ್ತಿದ್ದರೂ ಮೆಲ್ಲಗೆ ಕೇಳಿದರು, "ಹಾಗಾದ್ರೆ ಗಾರ್ಡ್ ಕೋಟು ಹೇಗಿತ್ತು ಮಾವ?"

ದೊಡ್ಡಮಾವ ತಲೆ ಕೆರೆದುಕೊಂಡರು.

"ಕಪ್ಪಗಿತ್ತು."

"ಗುಂಡಿ?"

"ಇತ್ತು."

"ಗುಂಡಿ ಹೇಗಿತ್ತು?"

"ತೊಟ್ಕೊಂಡೋನಿಗೆ ಕೋಟು ಎಲ್ಲಪ್ಪಾ ಕಾಣುತ್ತೆ? ಎದುರಿಗಿರೋರಿಗೆ ಕಾಣುತ್ತೆ. ನನಗೆ ಕಾಣ್ತಿದ್ದದ್ದು ಹಸಿರು ದೀಪ, ಕೆಂಪು ದೀಪ."

ನೆಂಟರು ಒಬ್ಬೊಬ್ಬರಾಗಿ ಎದ್ದು ಹೊರಟರು. ರಾಯರು ಚಪ್ಪಲಿ ಹುಡುಕುತ್ತಿದ್ದಾಗ ದೊಡ್ಡಮಾವ ಹಿಂದಿನಿಂದ ಬಂದು ಅವರ ತೋಳು ಹಿಡಿದು ಬಾಗಿಲ ಮರೆಗೆ ಎಳೆದುಕೊಂಡರು.

"ಈಗ ಯಾರೂ ಇಲ್ಲ ಅಳಿಯಂದಿರೇ. ನಿಜ ಹೇಳಿಬಿಡಿ. ಫಿಲ್ಮಲ್ಲಿ ಏನಿತ್ತು?"

ಮುದುಕರ ಬೆರಳು ಸಣ್ಣಗೆ ನಡುಗುತ್ತಿತ್ತು. ಆ ನಡುಕ ರಾಯರಿಗೆ ಚೆನ್ನಾಗಿ ಪರಿಚಯ. ಹುಟ್ಟಿದಾಗಿನಿಂದ ಅದು ಅವರ ಜೊತೆಗೇ ಇತ್ತು. ಯಾರಾದರೊಬ್ಬರು ತಮ್ಮ ಮುಂದೆ ನಿಂತು ತಮಗಿಂತ ಹೆಚ್ಚು ಹೆದರಿದ್ದು ಇದೇ ಮೊದಲು. ಅವರು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಮಾವ, ನನ್ನ ಮುಖ ನೋಡಿ. ಏನಾದ್ರೂ ಇದ್ದಿದ್ರೆ ನಾನು ಇಲ್ಲಿ ಹೀಗೆ ನಿಂತಿರ್ತಿದ್ನಾ? ನಿಮಗಿಂತ ಮೊದಲು ನಾನೇ ಮಲಗಿಬಿಡ್ತಿದ್ದೆ."

ದೊಡ್ಡಮಾವ ಕಣ್ಣು ಕಿರಿದು ಮಾಡಿ ಅಳಿಯನ ಮುಖವನ್ನು ಓದಿದರು.

"ಅದೂ ನಿಜವೇ," ಎಂದರು. ಆಮೇಲೆ ಒಳಗಿದ್ದ ಸೊಸೆಯ ಕಡೆ ತಿರುಗಿ, "ಅಮ್ಮಾ, ಊಟಕ್ಕೆ ಹಾಕು. ಅವಳಿಗೂ ಒಂದು ತಟ್ಟೆ ಇಡು. ಜಗಳ ಇನ್ನೂ ಮುಗಿದಿಲ್ಲ," ಎಂದು ಕೂಗಿದರು.

ಕಥೆ ಗುರುವಾರವೇ ಸಂಪಾದಕರ ಕೈ ಸೇರಿತು. ಕೋಟು ಕಪ್ಪಗಿತ್ತು, ಗುಂಡಿ ಇತ್ತು. ಅದಕ್ಕಿಂತ ಹೆಚ್ಚು ಒಂದಕ್ಷರವೂ ಇರಲಿಲ್ಲ. ಸಂಪಾದಕರು ತಕರಾರು ಮಾಡಲಿಲ್ಲ. ಮುಂದಿನ ವಾರ ಅಚ್ಚಾಗಿ ಬಂತು, ಫೋಟೋ ಸಮೇತ. ದೊಡ್ಡಮಾವ ಕೆಮ್ಮದೆ ಎಲ್ಲರ ಮನೆಗೂ ಪತ್ರಿಕೆ ಹಂಚಿದರು. ಡಾಕ್ಟರಮ್ಮ ಒಂದು ಪ್ರತಿ ಎತ್ತಿಕೊಂಡು ಹೋದರು, ಹಿಂದಿರುಗಿಸಲಿಲ್ಲ.

ಮನೆಯಲ್ಲಿ ಹೆಂಡತಿ ಊಟದ ಮೇಜಿನ ಮುಂದೆ ಕೂತು ಓದಿದಳು. ರಾಯರು ಎದುರು ಕೂತು ಅವಳ ಮುಖವನ್ನೇ ನೋಡುತ್ತಿದ್ದರು. ಸೇತುವೆ ಸಿಡಿದಾಗ ಅವಳ ಹುಬ್ಬು ಮೇಲೇರಿತು. ಗಡಿ ದಾಟುವಾಗ ಉಸಿರು ಬಿಗಿಹಿಡಿದಳು. ಗೂಢಚಾರನಿಗೆ ರೈಲಿನಲ್ಲಿ ನೀಲಿ ಉಡುಪಿನ ಸುಂದರಿ ಸಿಗುವ ಪುಟಕ್ಕೆ ಬಂದು ನಿಂತಳು. ಆ ಪುಟವನ್ನು ಮತ್ತೊಮ್ಮೆ ಓದಿದಳು. ಪತ್ರಿಕೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ತುಂಬಾ ಚೆನ್ನಾಗಿದೆ," ಎಂದಳು.

ರಾಯರ ಎದೆ ಉಬ್ಬಿತು.

"ಗಾರ್ಡಿನ ಕೋಟಿಗೆ ಬರೀ ಕಪ್ಪು ಬಣ್ಣ. ಇವಳಿಗೆ ಮಾತ್ರ ಕತ್ತಿನ ಕಸೂತಿ, ತೋಳಿನ ನೆರಿಗೆ, ಸೊಂಟದ ಪಟ್ಟಿ ಎಷ್ಟು ಬೆರಳಗಲ ಅನ್ನೋದೂ ಇದೆ," ಎಂದಳು ಹೆಂಡತಿ.

"ಅದು... ಅದು ಊಹೆ ಕಣೇ..."

"ಹೌದಾ? ದೊಡ್ಡಪ್ಪನ ಕೋಟಿನ ಬಗ್ಗೆ ಊಹೆ ಯಾಕೆ ಮಾಡಲಿಲ್ಲ? ಇವಳ ಅಳತೆಗೆ ಯಾರ ಮನೇಲಿ ಟೇಪು ಹಿಡಿದಿರಿ?"